ತರಲೆ ಪದದಿಂದ ಶುರು ಮಾಡಿ: ಕನ್ನಡದ ಪೋಸ್ಟರು, ಬ್ಲಾಗಿನ ಥೀಮು ಮಾಡುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಟ್ಟು ಪೋಸ್ಟರಿದೆ. ಊರಿನ ನಾಟಕವೊಂದಕ್ಕೆ ನಾನೇ ಮಾಡಿದ್ದು. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಕೊನೆಯ ಸಾಲಿನಲ್ಲಿ ಮಾತ್ರ ದಪ್ಪಕ್ಷರದಲ್ಲಿ ‘ಪವೇಶ ಉಚಿತ’ ಎಂದಿದೆ. ನಾನು ಬರೆದದ್ದು ‘ಪ್ರವೇಶ’ವೇ. ಆದರೆ ಆ ಸಾಲಿಗೂ ಕಾಗದದ ಅಂಚಿಗೂ ನಡುವಿನ ಜಾಗವನ್ನು ಅಕ್ಷರದ ಬುಡದಿಂದ ಅಳೆದಿದ್ದೆ, ಒತ್ತಿನ ಬುಡದಿಂದ ಅಲ್ಲ. ಕತ್ತರಿಸುವ ಯಂತ್ರದ ಬ್ಲೇಡು ‘ಪ್ರ’ದ ಒತ್ತನ್ನು ನೀಟಾಗಿ ತೆಗೆದುಕೊಂಡು ಹೋಯಿತು. ಪ್ರೆಸ್ಸಿನವರದ್ದು ಏನೂ ತಪ್ಪಿರಲಿಲ್ಲ. ಐನೂರು ಪ್ರತಿಯ ದುಡ್ಡು ನಾನೇ ಕಟ್ಟಿ ಮತ್ತೆ ಅಚ್ಚು ಹಾಕಿಸಿದೆ.

ಹನ್ನೊಂದು ವರ್ಷದಿಂದ ಸಾಗರದಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದೇನೆ. ನಾಟಕ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಸುತ್ತಮುತ್ತ ಒಂದಷ್ಟು ಹೆಚ್ಚು ಪೋಸ್ಟರು. ಮಳೆಗಾಲದಲ್ಲಿ ಅವೆಲ್ಲ ನಿಂತಾಗ ಬ್ಲಾಗು ಬರೆಯುವವರಿಗೆ ಥೀಮು, ಅಂದರೆ ಅವರ ಬ್ಲಾಗಿನ ಪುಟಗಳ ವಿನ್ಯಾಸ. ಹೊಸಬರು ನನ್ನನ್ನು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್, ಯಾವ ಬಣ್ಣ ಅಂತ. ನಾನು ಹೇಳುವುದು ಬೇರೆ: ಮೊದಲು ಒತ್ತಿಗೆ ಜಾಗ ಮಾಡಿ.

ಕೆಲಸ ಒಪ್ಪಿಕೊಂಡ ಕೂಡಲೇ ಪೂರ್ತಿ ಪಠ್ಯ ಕೇಳಿ ತರಿಸಿಕೊಳ್ಳಿ. ‘ನೀವು ಡಿಸೈನ್ ಮಾಡ್ತಾ ಇರಿ, ಹೆಸರೆಲ್ಲ ಆಮೇಲೆ ಕಳಿಸ್ತೀವಿ’ ಅನ್ನುವ ಮಾತಿಗೆ ಒಪ್ಪಬೇಡಿ. ಆಮೇಲೆ ಅಂದರೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ, ಹದಿನಾಲ್ಕು ಹೆಸರು, ಅದರಲ್ಲಿ ಎರಡಕ್ಕೆ ‘ಇವರದ್ದು ಸ್ವಲ್ಪ ದೊಡ್ಡದಾಗಿ ಬರಲಿ’ ಎಂಬ ಟಿಪ್ಪಣಿ. ಪಠ್ಯ ಬಂದಮೇಲೆ ಅದರಲ್ಲಿನ ಅತಿ ತರಲೆ ಪದ ಹುಡುಕಿ. ‘ರಾಷ್ಟ್ರೀಯ’ ಇದ್ದರೆ ಅದೇ: ಷಕಾರದ ಕೆಳಗೆ ಟ, ಅದರ ಪಕ್ಕಕ್ಕೆ ರ, ಮೇಲೆ ಗುಡಿಸು, ಬಲಕ್ಕೆ ದೀರ್ಘ. ‘ಸಂಸ್ಕೃತಿ’, ‘ಲಕ್ಷ್ಮೀ’, ‘ಸ್ತ್ರೀ’ ಇವೂ ಅದೇ ಜಾತಿ. ‘ವಾರ್ಷಿಕೋತ್ಸವ’ ಎತ್ತರದಲ್ಲಿ ಕಾಡುವುದಿಲ್ಲ, ಅರ್ಕಾವತ್ತು ಕೊಂಬು ಸೇರಿಸಿ ಅಗಲದಲ್ಲಿ ಕಾಡುತ್ತದೆ. ಈ ಒಂದು ಪದವನ್ನು ಖಾಲಿ ಪುಟದ ಮೇಲೆ ಇಟ್ಟು, ಬೇಕಾದ ಅಳತೆಗೆ ಹಿಗ್ಗಿಸಿ, ಅದರ ಕೆಳಗೆ ಗುಡಿಸು ಏತ್ವಗಳಿರುವ ಇನ್ನೊಂದು ಸಾಲು ಇಡಿ. ಮೇಲಿನ ಒತ್ತಿಗೂ ಕೆಳಗಿನ ಗುಡಿಸಿಗೂ ನಡುವೆ ಗಾಳಿ ಆಡಬೇಕು. ಆ ಅಂತರವೇ ನಿಮ್ಮ ಪೋಸ್ಟರಿನ ಸಾಲಿನ ಅಂತರ. ಉಳಿದದ್ದೆಲ್ಲ ಅದರ ಸುತ್ತ ಕೂರುತ್ತದೆ.

ಫಾಂಟನ್ನೂ ಇದೇ ಪದದಿಂದಲೇ ಪರೀಕ್ಷಿಸಿ. ‘ಅ ಆ ಇ ಈ’ ಎಲ್ಲ ಫಾಂಟಿನಲ್ಲೂ ಮುದ್ದಾಗಿಯೇ ಕಾಣುತ್ತವೆ. ಹತ್ತು ವರ್ಷದ ಹಿಂದೆ ನಮಗೆ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರು ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಆಯ್ಕೆಯೇ ಕಡಿಮೆ ಇತ್ತು, ಈಗ ಗೂಗಲ್ ಫಾಂಟ್ಸಿನಲ್ಲೇ ಮುಕ್ತ ಪರವಾನಗಿಯಲ್ಲಿ ಸಾಕಷ್ಟು ಸಿಗುತ್ತವೆ. ಮಕ್ಕಳ ಶಿಬಿರ, ಹಲಸಿನ ಮೇಳ ಇಂಥವಕ್ಕೆ ನಾನು ಬಾಲೂ ತಮ್ಮ ಹಾಕುತ್ತೇನೆ, ಅದರ ದುಂಡು ಮೈ ಅವಕ್ಕೆ ಒಪ್ಪುತ್ತದೆ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ ಉದ್ದ ಹೆಸರಿನ ಗಣ್ಯರು ಜಾಸ್ತಿ ಇದ್ದಾಗ ಪ್ರಾಣ ಉಳಿಸುತ್ತದೆ. ಕಥೆ, ಪ್ರಬಂಧದ ಬ್ಲಾಗಿಗೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್. ಅಕಾಯ ಕನಡಕ ಶೀರ್ಷಿಕೆಗೆ ಮಜವಾಗಿದೆ, ಮೂರು ಪ್ಯಾರಾ ಓದಿಸಲು ಹೋದರೆ ಓದುವವನಿಗೆ ಸುಸ್ತು. ಅದು ಎರಡು ಮೂರು ಪದಕ್ಕಷ್ಟೇ.

ಒಂದು ಕಟ್ಟುನಿಟ್ಟಿನ ಮಾತು. ಫಾಂಟಿನಲ್ಲಿ ದಪ್ಪ ಅವತರಣಿಕೆ ಇಲ್ಲದಿದ್ದರೆ ಸಾಫ್ಟ್‌ವೇರಿನ ‘ಬಿ’ ಗುಂಡಿ ಒತ್ತಿ ದಪ್ಪ ಮಾಡಬೇಡಿ. ಅದು ಗೆರೆಯನ್ನು ಸುತ್ತಲೂ ಊದಿಸುತ್ತದೆ, ಮೊದಲು ಮುಚ್ಚಿಹೋಗುವುದು ಮಹಾಪ್ರಾಣದ ಹೊಟ್ಟೆ ಸೀಳು. ಒಮ್ಮೆ ಒಂದು ಸಂಘದ ಕರಪತ್ರದಲ್ಲಿ ‘ಧನಸಹಾಯ’ ಎಂದು ಹಾಕಿದ್ದೆ. ಅಮ್ಮ ಕನ್ನಡಕ ಇಲ್ಲದೆ ಓದಿ, ‘ದನಸಹಾಯವಾ? ಯಾರಿಗಂತೆ, ಕೊಟ್ಟಿಗೆಯವರಿಗಾ?’ ಎಂದರು. ಅಂದಿನಿಂದ ಅಮ್ಮನೇ ನನ್ನ ಕರಡು ತಿದ್ದುವವರು. ಇಂಗ್ಲಿಷಿನಂತೆ ಓರೆ ಅಕ್ಷರವೂ ಬೇಡ. ಕನ್ನಡದಲ್ಲಿ ಆ ಪದ್ಧತಿ ಇಲ್ಲ, ಹೆಚ್ಚಿನ ಫಾಂಟುಗಳಲ್ಲಿ ಸಾಫ್ಟ್‌ವೇರು ನೇರ ಅಕ್ಷರವನ್ನೇ ಬಾಗಿಸಿ ಕೊಡುತ್ತದೆ, ನೋಡಲು ಗಾಳಿಗೆ ಮಲಗಿದ ಭತ್ತದ ಹಾಗೆ. ಒತ್ತು ಕೊಡಬೇಕಾದ ಮಾತಿಗೆ ಬಣ್ಣ ಬದಲಿಸಿ.

ಅಡೋಬಿಯ ಸಾಫ್ಟ್‌ವೇರ್ ಬಳಸುವವರಾದರೆ ಒಂದು ಸೆಟ್ಟಿಂಗು ಮಾತ್ರ ಮರೆಯಬೇಡಿ. ಇಲಸ್ಟ್ರೇಟರಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲಿ ಅಕ್ಷರ ಕೂಡಿಸಿ ಸಾಲು ಜೋಡಿಸುವ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಇನ್‌ಡಿಸೈನಿನಲ್ಲಾದರೆ ‘ವರ್ಲ್ಡ್ ರೆಡಿ’ ಕಂಪೋಸರ್. ಇದನ್ನು ಮಾಡದಿದ್ದರೆ ‘ಕನ್ನಡ’ ಹೋಗಿ ‘ಕನ್‌ನಡ’ ಆಗುತ್ತದೆ. ದುಡ್ಡಿಲ್ಲದ ಕಾಲಕ್ಕೆ ನಾನು ಮೂರು ವರ್ಷ ಉಚಿತವಾಗಿ ಸಿಗುವ ಇಂಕ್‌ಸ್ಕೇಪಿನಲ್ಲೇ ದುಡಿದೆ. ಅದರಲ್ಲಿ ಈ ತಾಪತ್ರಯವೇ ಇಲ್ಲ, ಕನ್ನಡ ತಾನಾಗಿ ಕೂಡಿಕೊಳ್ಳುತ್ತದೆ.

ಟೈಪಿಂಗಿನ ವಿಷಯ ಬಂದದ್ದರಿಂದ ಇನ್ನೆರಡು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿ ಒಂದರಡಿ ಒಂದು ಜೋತುಬೀಳದಂತೆ ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಕಣ್ಣಿಗೆ ಕಾಣದೆ ಅಕ್ಷರಗಳನ್ನು ಬಿಡಿಸಿಡುವ ಗುರುತು ಹಾಕಿ. ‘ರ್‍ಯಾಂಕ್’ ಅರ್ಕಾವತ್ತಾಗದಂತೆ ತಡೆಯುವುದು ಅದರ ಅಣ್ಣ ಜಾಯಿನರ್. ಹಾಗೆಯೇ ಕೆಲವರು ಸೊನ್ನೆಯ ಜಾಗದಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ೦ ಒತ್ತಿರುತ್ತಾರೆ. ಕಣ್ಣಿಗೆ ಒಂದೇ, ಆದರೆ ಪಠ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ, ಫಾಂಟು ಬದಲಿಸಿದರೆ ಅಳತೆ ಬೇರೆಯಾಗಿ ಸಿಕ್ಕಿಬೀಳುತ್ತದೆ. ಪಠ್ಯ ಬಂದಾಗಲೇ ಒಮ್ಮೆ ಹುಡುಕಿ ತಿದ್ದಿಬಿಡಿ.

ಇನ್ನು ಪೋಸ್ಟರಿನ ಜೋಡಣೆ. ನಮ್ಮ ಕಡೆ ಜನ ನಾಟಕದ ಪೋಸ್ಟರನ್ನು ಸುಮ್ಮನೆ ನೋಡುವುದಿಲ್ಲ. ಪಕ್ಕದ ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ, ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ನಾಟಕದ ಹೆಸರು, ರಚನೆ, ನಿರ್ದೇಶನ ಎಂದು ಕ್ರಮವಾಗಿ ಓದುತ್ತಾರೆ. ಆದರೂ ಬೈಕಿನಲ್ಲಿ ಹೋಗುವವನಿಗೆ ಸಿಗುವುದು ಮೂರೇ ಸಂಗತಿ: ಏನು, ಯಾವತ್ತು, ಎಲ್ಲಿ. ಎ3 ಕಾಗದದ ಮೇಲ್ಭಾಗದ ಅರ್ಧವನ್ನು ಈ ಮೂರಕ್ಕೆ ಕೊಡಿ. ದಿನಾಂಕಕ್ಕೆ, ಫೋನ್ ನಂಬರಿಗೆ ನಾನು ಕನ್ನಡ ಅಂಕಿ ಬಳಸುವುದಿಲ್ಲ. ಅಭಿಮಾನ ಕಡಿಮೆಯಾಗಿ ಅಲ್ಲ. ದೂರದಿಂದ ೬, ೭, ೯ ಒಂದನ್ನೊಂದು ನುಂಗುತ್ತವೆ, ಬೇರೆ ಯಾರಿಗೋ ಫೋನು ಹೋಗುತ್ತದೆ. ನಾಟಕದ ಹೆಸರನ್ನು ಆದಷ್ಟು ಕೈಯಲ್ಲೇ ಬರೆಯಿರಿ. ಚಪ್ಪಟೆ ಬ್ರಶ್ಶು, ಮಸಿ, ಹಳೆ ಕ್ಯಾಲೆಂಡರಿನ ಹಿಂಬದಿ. ಮೊದಲು ಎಲ್ಲ ಅಕ್ಷರದ ತಲೆಕಟ್ಟನ್ನು ಒಂದೇ ಲಯದಲ್ಲಿ ಎಳೆದುಕೊಂಡು ಆಮೇಲೆ ಕೆಳಗಿನ ಮೈ ತುಂಬಿಸಿದರೆ ಪದ ಒಟ್ಟಾಗಿ ನಿಲ್ಲುತ್ತದೆ. ಇಪ್ಪತ್ತು ಸಲ ಬರೆದರೆ ಒಂದು ಸರಿಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿಕೊಳ್ಳಿ.

ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಕಡಿಮೆ ಇದ್ದರೆ ಹಳದಿ ಕಾಗದ, ಒಂದೇ ಶಾಯಿ. ಯಕ್ಷಗಾನದ ಹ್ಯಾಂಡ್‌ಬಿಲ್ಲು ನೋಡಿ ಬೆಳೆದ ಕಣ್ಣಿಗೆ ಅದೇ ಬೇಗ ಹಿಡಿಸುತ್ತದೆ.

ಅಚ್ಚಿಗೆ ಕಳಿಸುವಾಗ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗಲೆಂದೇ ಅಂಚಿನಾಚೆ ಹಾಯಿಸುವ ಹಿನ್ನೆಲೆ, ಬಿಡಿ. ಒಳಗೆ ಕನಿಷ್ಠ 8 ಮಿಲಿಮೀಟರ್ ಯಾವ ಅಕ್ಷರವೂ ಸುಳಿಯಬಾರದು, ಒತ್ತನ್ನೂ ಸೇರಿಸಿ. ಫೋಟೋ ಇದ್ದರೆ ಎ3ಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3508 ಗುಣಿಸು 4961 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಗಣ್ಯರ ಫೋಟೋ ಇದರ ಹತ್ತಿರಕ್ಕೂ ಬರುವುದಿಲ್ಲ, ಡಾಕ್ಯುಮೆಂಟಾಗಿ ಕಳಿಸಲು ಹೇಳಿ. ಸಣ್ಣ ಕಪ್ಪು ಅಕ್ಷರಕ್ಕೆ ನೂರು ಶೇಕಡಾ ಕಪ್ಪು ಶಾಯಿ ಮಾತ್ರ ಇರಲಿ. ಪರದೆಯ ಕಪ್ಪನ್ನು ಹಾಗೇ ಬಿಟ್ಟರೆ ಅದು ನಾಲ್ಕು ಶಾಯಿಯಾಗಿ ಒಡೆಯುತ್ತದೆ, ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರ ಮಂಜು ಮಂಜು. ಬಹಳಷ್ಟು ಪ್ರೆಸ್ಸುಗಳಲ್ಲಿ ಈಗಲೂ ಹಳೆಯ ಕೋರೆಲ್ ಡ್ರಾ ಮತ್ತು ಯೂನಿಕೋಡ್ ಅಲ್ಲದ ನುಡಿ ಫಾಂಟು ನಡೆಯುತ್ತದೆ. ಅಲ್ಲಿ ನಿಮ್ಮ ಫೈಲು ತೆರೆದರೆ ಏನು ಬರುತ್ತದೋ ದೇವರೇ ಬಲ್ಲ. ಆದ್ದರಿಂದ ಎಲ್ಲ ಅಕ್ಷರವನ್ನೂ ಫಾಂಟು ಬೇಡದ ಚಿತ್ರರೇಖೆಯಾಗಿಸಿ, ಅಂದರೆ ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ, ತಿದ್ದಲು ಬರುವ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ನಿಮ್ಮ ಬಳಿ ಇಟ್ಟುಕೊಳ್ಳಿ. ನಾನು ಒಮ್ಮೆ ಔಟ್‌ಲೈನ್ ಆದ ಫೈಲನ್ನೇ ಉಳಿಸಿ, ಅಧ್ಯಕ್ಷರ ಇನಿಶಿಯಲ್ ಬದಲಿಸಲು ರಾತ್ರಿಯಿಡೀ ಕೂತೆ.

ಹಣದ ಮಾತು ಚಿಕ್ಕದು. ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ದುಡ್ಡು. ಇದನ್ನು ಮೊದಲೇ ಮೆಸೇಜಿನಲ್ಲಿ ಬರೆದು ಹಾಕಿ, ಬಾಯಿಮಾತು ಬೇಡ.

ಬ್ಲಾಗಿನ ಥೀಮಿಗೂ ನಾನು ಅದೇ ತರಲೆ ಪದಗಳನ್ನೇ ಒಯ್ಯುತ್ತೇನೆ. ಸಿದ್ಧ ಥೀಮುಗಳೆಲ್ಲ ಇಂಗ್ಲಿಷಿನ ಗಿಡ್ಡ ಪದಗಳನ್ನು ನಂಬಿ ಹೊಲಿದ ಅಂಗಿ. ನಮ್ಮ ಭಾಷೆಯಲ್ಲಿ ವಿಭಕ್ತಿ, ಬಹುವಚನ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ವಿದ್ಯಾರ್ಥಿನಿಲಯಗಳಲ್ಲಿನ’ ಎಂಬ ಒಂದೇ ಪದ ಶೀರ್ಷಿಕೆಯಲ್ಲಿ ಬಂದರೆ ಮೊಬೈಲಿನ ಪರದೆ ದಾಟಿ ಆಚೆ ಹೋಗುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಶೀರ್ಷಿಕೆಯ ಅಳತೆಯನ್ನು ಇಂಗ್ಲಿಷಿಗಿಂತ ಕಾಲುಭಾಗ ಇಳಿಸಿ. ಪ್ಯಾರಾಗಳನ್ನು ಎರಡೂ ಬದಿಗೆ ಸಮ ಮಾಡುವ ಜಸ್ಟಿಫೈ ತೆಗೆದುಹಾಕಿ. ಉದ್ದ ಪದಗಳ ನಡುವೆ ಬಿಳಿ ಹೊಂಡಗಳು ಬೀಳುತ್ತವೆ. ಮೈಬರಹ 18 ಪಿಕ್ಸೆಲ್, ಸಾಲಿನ ಎತ್ತರ ಹೇಳುವ ಲೈನ್ ಹೈಟ್ ಅಕ್ಷರದಳತೆಯ 1.7 ಅಥವಾ 1.8 ಪಟ್ಟು. ಇಂಗ್ಲಿಷಿನ 1.4 ಹಾಗೇ ಬಿಟ್ಟರೆ ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಕ್ಷರಗಳ ನಡುವೆ ಹೆಚ್ಚುವರಿ ಜಾಗ ಬಿಡುವ ಲೆಟರ್ ಸ್ಪೇಸಿಂಗ್ ಸೊನ್ನೆ.

ಕನ್ನಡ ಫಾಂಟಿನ ಕಡತ ದೊಡ್ಡದು, ಕಾಗುಣಿತ ಒತ್ತುಗಳಿಗೆಲ್ಲ ನೂರಾರು ಆಕಾರ ಬೇಕಲ್ಲ. ಆದ್ದರಿಂದ ಎರಡು ತೂಕಕ್ಕಿಂತ, ಅಂದರೆ ಎರಡು ದಪ್ಪಕ್ಕಿಂತ ಹೆಚ್ಚು ಹಾಕಬೇಡಿ, ಫಾಂಟನ್ನು ವೆಬ್‌ಗೆಂದು ಕುಗ್ಗಿಸಿಡುವ ಡಬ್ಲ್ಯುಒಎಫ್ಎಫ್2 ರೂಪದಲ್ಲಿ ಕೊಡಿ, ಫಾಂಟ್ ಡಿಸ್‌ಪ್ಲೇಗೆ ಸ್ವ್ಯಾಪ್ ಹಾಕಿ. ಫಾಂಟು ಬರುವ ತನಕ ಫೋನಿನದೇ ಕನ್ನಡದಲ್ಲಿ ಓದುತ್ತಿರಲಿ. ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುರುತಿನಲ್ಲಿ ಹೇಳುವುದನ್ನು ಮರೆಯಬೇಡಿ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಅದು ಬೇಕು. ಮುಖಪುಟದಲ್ಲಿ ಬರಹದ ತುಣುಕು ತೋರಿಸುವ ಥೀಮುಗಳು ಅಕ್ಷರ ಎಣಿಸಿ ಕತ್ತರಿಸುತ್ತವೆ. ಕಂಪ್ಯೂಟರಿಗೆ ಪ್ರತಿ ವ್ಯಂಜನ, ಒತ್ತಿನ ಗುರುತು, ಕಾಗುಣಿತದ ಗುರುತು ಬೇರೆ ಬೇರೆ ಸಂಕೇತ, ಹಾಗಾಗಿ ಆ ಎಣಿಕೆಗೆ ‘ಸ್ತ್ರೀ’ ಒಂದಲ್ಲ, ಆರು. ನಡುವೆ ಕತ್ತರಿ ಬಿದ್ದರೆ ‘ಸ್ತ್’ ಎಂದು ಉಳಿಯುತ್ತದೆ. ಪದ ಎಣಿಸಿ ಕತ್ತರಿಸುವಂತೆ ಬದಲಿಸಿ. ಪ್ಯಾರಾದ ಮೊದಲ ಅಕ್ಷರ ದೊಡ್ಡದಾಗಿಸುವ ಅಲಂಕಾರವನ್ನೂ ಇದೇ ಕಾರಣಕ್ಕೆ ನಾನು ಬಿಟ್ಟಿದ್ದೇನೆ.

ಕೊನೆಗೆ ಬರಹದ ವೆಬ್ ವಿಳಾಸ. ಗೂಗಲ್‌ನ ಬ್ಲಾಗರಿನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಅದು ಕನ್ನಡವನ್ನು ಬಿಟ್ಟು ‘ಬ್ಲಾಗ್ ಪೋಸ್ಟ್’ ಎಂದು ಒಂದು ನಂಬರು ಹಚ್ಚಿ ಕೊಡುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ಇಟ್ಟುಕೊಳ್ಳುತ್ತದೆ, ಆದರೆ ಒಳಗೆ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರವಾಗುತ್ತದೆ, 200ಕ್ಕೆ ಮಿತಿ ಮುಗಿಯುತ್ತದೆ. ಅಂದರೆ ಒತ್ತು, ಕಾಗುಣಿತ ಸೇರಿ ಇಪ್ಪತ್ತೆರಡು ಸಂಕೇತಕ್ಕೆ ವಿಳಾಸ ತುಂಡು. ಪ್ರಕಟಿಸುವ ಮೊದಲು ಎರಡು ಮೂರು ಪದದ ಇಂಗ್ಲಿಷ್ ಲಿಪಿಯ ವಿಳಾಸ ಕೈಯಾರೆ ಬರೆಯಿರಿ. ಥೀಮು ಕೊಡುವಾಗ ಗಿರಾಕಿಗೂ ಇದನ್ನು ಕೂರಿಸಿ ತೋರಿಸಿ. ಹಳೆಯ ಬರಹಗಳ ವಿಳಾಸವನ್ನು ಮಾತ್ರ ಮುಟ್ಟಬೇಡಿ. ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರ್ಷಗಳಿಂದ ಓಡಾಡುತ್ತಿರುವ ಕೊಂಡಿಗಳು ಒಂದೇ ದಿನದಲ್ಲಿ ಸತ್ತುಹೋಗುತ್ತವೆ.