ಚಿವುಟಿದರೆ ಪಟ್ಟಿ ಬೆರಳಿಗೆ ಸಿಗಬಾರದು

ಮಗನಿಗೆ ಮೂರು ತಿಂಗಳು ತುಂಬಿದಾಗ ಬೆಂಗಳೂರಿನಿಂದ ಕಡೂರಿಗೆ ಹೊರಟಿದ್ದೆವು. ಕೂಸನ್ನು ಪಟ್ಟಿ ಬಿಗಿದು ಕೂರಿಸಲು ಕಾರಿನ ಸೀಟಿನ ಮೇಲೆ ಕಟ್ಟುವ ಪುಟ್ಟ ಕಾರ್ ಸೀಟ್ ನೋಡಿದ ಅತ್ತೆ, "ಎಳೆ ಕೂಸನ್ನ ಕಟ್ಟಿ ಹಾಕ್ತೀರಾ? ನನ್ನ ತೊಡೆ ಮೇಲಿರಲಿ ಬಿಡಿ" ಅಂದರು. ನಾನು ಲೆಕ್ಕ ಬಿಡಿಸಿದೆ: ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ ಆರು ಕಿಲೋ ಕೂಸನ್ನು ತಡೆದು ಹಿಡಿಯುವುದು ಒಂದೂವರೆ ಮೂಟೆಗೂ ಹೆಚ್ಚು ಸಿಮೆಂಟ್ ಹಿಡಿದ ಹಾಗೆ. ಯಾವ ಅಜ್ಜಿಯ ಕೈಗೂ ಅದು ಆಗುವ ಕೆಲಸವಲ್ಲ. ಅತ್ತೆ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ಹಾಗೆ ಪಾಠ ಹೇಳಿದ ನಾನೇ ಎಡವಟ್ಟು ಮಾಡಿದ್ದೆ. ತಿಪಟೂರಿನ ಹತ್ತಿರ ಒಂದು ಹಂಪ್‌ಗೆ ಜೋರಾಗಿ ಬ್ರೇಕ್ ಹಾಕಿದಾಗ ಸೀಟು ಕೂಸಿನ ಸಮೇತ ಪಕ್ಕಕ್ಕೆ ವಾಲಿತು. ಮಗ ಅಳಲೂ ಇಲ್ಲ, ನನಗೆ ಮಾತ್ರ ಕೈ ನಡುಗಿತು. ಗಾಡಿ ಪಕ್ಕಕ್ಕೆ ಹಾಕಿ ನೋಡಿದರೆ, ಕಾರಿನ ಬೆಲ್ಟನ್ನು ಮಗುವಿನ ಸೀಟಿನ ಕೆಂಪು ಗುರುತಿನ ಸಂದಿಯಲ್ಲಿ ತೂರಿಸಿದ್ದೆ. ನಮ್ಮ ಸೀಟಿನಲ್ಲಿ ಕೆಂಪು ಮುಂದೆ ನೋಡುವ ಮಕ್ಕಳಿಗೆ, ನೀಲಿ ಹಿಂದೆ ಮುಖ ಮಾಡಿ ಕೂರುವವರಿಗೆ. ಮ್ಯಾನುಯಲ್ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು!

ಅವತ್ತಿನಿಂದ ಸೀಟಿನ ಮೇಲೆ ಮೊಣಕಾಲೂರಿ, ಮೈಭಾರವೆಲ್ಲ ಬಿಟ್ಟು ಬೆಲ್ಟ್ ಎಳೆಯುತ್ತೇನೆ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದಿಂಚಿಗಿಂತ ಹೆಚ್ಚು ಆಡಬಾರದು. ಆಮೇಲೆ ಮಗುವಿನ ಭುಜದ ಪಟ್ಟಿ. ಕತ್ತಿನ ಕೆಳಗೆ ಭುಜಕ್ಕೆ ಹೋಗುವ ಮೂಳೆಯ (ಕಾಲರ್ ಬೋನ್) ಹತ್ತಿರ ಎರಡು ಬೆರಳಲ್ಲಿ ಚಿವುಟಿ ನೋಡುತ್ತೇನೆ, ಮಡಿಕೆ ಸಿಕ್ಕಿತೋ, ಇನ್ನೂ ಸಡಿಲ ಅಂತ ಅರ್ಥ. ಚಳಿಗಾಲದಲ್ಲಿ ಅಜ್ಜಿ ಹೆಣೆದ ದಪ್ಪ ಸ್ವೆಟರ್ ಬಿಚ್ಚಿಸಿ, ಪಟ್ಟಿ ಬಿಗಿದು, ಮೇಲೆ ಶಾಲು ಹೊದಿಸುತ್ತಿದ್ದೆ. ಗುದ್ದಿದಾಗ ಉಣ್ಣೆ ಕುಗ್ಗಿಬಿಡುತ್ತದೆ, ಪಟ್ಟಿ ಅಷ್ಟೂ ಸಡಿಲ. ಈ ವಿಷಯಕ್ಕೆ ಮನೆಯಲ್ಲಿ ಆದ ಜಗಳ ಬೇರೆಯೇ ಕಥೆ.

ಎರಡು ವರ್ಷ ದಾಟುವವರೆಗೂ ಅವನನ್ನು ಹಿಂದೆ ಮುಖ ಮಾಡಿಯೇ ಕೂರಿಸಿದೆ. ಕಾಲು ಮಡಚಿಕೊಂಡು ಕೂರುತ್ತಿದ್ದ, ಪರವಾಗಿಲ್ಲ. ಚಿಕ್ಕ ಮಕ್ಕಳ ತಲೆ ಭಾರ, ಕತ್ತು ಎಳಸು. ಎದುರಿನಿಂದ ಪೆಟ್ಟು ಬಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆಯುತ್ತದೆ. ಆದರೆ ಅಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇಡಲೇಬೇಡಿ. ಬ್ಯಾಗ್ ಬಿಚ್ಚಿಕೊಂಡಾಗ ಬಡಿಯುವುದು ಮಗುವಿನ ತಲೆಯ ಹಿಂದಕ್ಕೇ.

ಈಗ ಅವನಿಗೆ ಆರು, ಬೂಸ್ಟರ್ ಹತ್ತಿದ್ದಾನೆ. ಬೂಸ್ಟರ್ ಮಗುವನ್ನು ಕಟ್ಟುವುದಿಲ್ಲ, ದೊಡ್ಡವರ ಬೆಲ್ಟ್ ಸರಿಯಾದ ಜಾಗಕ್ಕೆ ಬರುವ ಹಾಗೆ ಎತ್ತಿ ಕೂರಿಸುತ್ತದೆ, ಅಷ್ಟೇ. ಬೆಲ್ಟು ಕೆಳಗೆ ಸೊಂಟದ ಮೂಳೆಯ ಮೇಲಿರಬೇಕು, ಮೆತ್ತನೆ ಹೊಟ್ಟೆಯ ಮೇಲಲ್ಲ. ಮೇಲೆ ಒಂದು ಭುಜದ ನಡುಭಾಗದ ಮೇಲೆ ಹಾಯಬೇಕು, ಕುತ್ತಿಗೆಗೆ ಉಜ್ಜಬಾರದು.

ನಮ್ಮ ಕಾರಿನ ಹಿಂದಿನ ನಡು ಸೀಟಿಗೆ ಸೊಂಟದ ಬೆಲ್ಟ್ ಮಾತ್ರ ಇದೆ, ಅಲ್ಲಿ ಬೂಸ್ಟರ್ ಇಡುವಂತಿಲ್ಲ. ಹಾಗಾಗಿ ಕಿಟಕಿ ಪಕ್ಕದ ಜಾಗ ಮೊಮ್ಮಗನಿಗೆ ಹೋಗಿ, ನಡುವಿನ ಸೀಟು ಅತ್ತೆಗೆ ಬಂದಿದೆ. ತಿಪಟೂರು ದಾಟುವವರೆಗೂ ಗೊಣಗುತ್ತಾರೆ. ಆದರೆ ಹೊರಡುವ ಮುಂಚೆ ಅವನ ಬೆಲ್ಟನ್ನು ಎರಡು ಸಲ ಎಳೆದು ನೋಡುವವರೂ ಅವರೇ.