ಟ್ರ್ಯಾಪ್ ಶೂಟಿಂಗ್‌ಗೆ ನಿಸ್ತಂತು ಧ್ವನಿಚಾಲಿತ ಬಿಡುಗಡೆ: ಅಳವಡಿಸುವ ಕ್ರಮ

ಯಂತ್ರವೊಂದು ಗಾಳಿಗೆ ಎಸೆಯುವ ಗುರಿತಟ್ಟೆಗಳನ್ನು ಬಂದೂಕಿನಿಂದ ಹೊಡೆಯುವ ಆಟವೇ ಟ್ರ್ಯಾಪ್ ಶೂಟಿಂಗ್. ಅಮೆರಿಕನ್ ಟ್ರ್ಯಾಪ್ ಮೈದಾನದಲ್ಲಿ ಐದು ನಿಲುಗಟ್ಟೆಗಳಿದ್ದು, ಶೂಟರ್‌ಗಳು ಸಾಮಾನ್ಯವಾಗಿ ಯಂತ್ರದ ಮನೆಯಿಂದ 16 ಗಜ, ಅಂದರೆ ಸುಮಾರು 14.6 ಮೀಟರ್ ಹಿಂದೆ ನಿಲ್ಲುತ್ತಾರೆ. ತಟ್ಟೆ ಬಿಡುವಂತೆ ಶೂಟರ್ ಹಾಕುವ ‘ಪುಲ್’ ಎಂಬ ಕೂಗನ್ನು ಮೈಕ್ ಗ್ರಹಿಸಿ, ಟ್ರಾನ್ಸ್‌ಮಿಟರ್ ಮೂಲಕ ಯಂತ್ರದ ರಿಸೀವರ್‌ಗೆ ತಲುಪಿಸುವುದೇ ಈ ವ್ಯವಸ್ಥೆಯ ಕೆಲಸ.

ಮೊದಲು ಎಲ್ಲ ಬಂದೂಕುಗಳೂ ಖಾಲಿಯಾಗಿ ತೆರೆದಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಯಂತ್ರದ ಸ್ವಿಚ್ ಆರಿಸಿದರಷ್ಟೇ ಸಾಲದು. ಸ್ಪ್ರಿಂಗ್ ಬಿಗಿದು ನಿಂತ ಎಸೆಗೈ (ತಟ್ಟೆಯನ್ನು ಎಸೆಯುವ ತೋಳು) ವಿದ್ಯುತ್ತಿಲ್ಲದೆಯೂ ಮೂಳೆ ಮುರಿಯುವಷ್ಟು ರಭಸದಿಂದ ಬೀಸಬಲ್ಲದು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದಂತೆ ಅದನ್ನು ಸಡಿಲಗೊಳಿಸಿ, ಬ್ಯಾಟರಿಯನ್ನು ಕಳಚಿದ ಮೇಲೆಯೇ ರಿಸೀವರನ್ನು ಬಿಡುಗಡೆ ತಂತಿಯ ಸಾಕೆಟ್‌ಗೆ ಜೋಡಿಸಬೇಕು. ವೋಲ್ಟೇಜ್ ಮತ್ತು ಪ್ಲಗ್ ಆ ಯಂತ್ರಕ್ಕೆ ಹೊಂದಬೇಕು. ರಿಸೀವರಿನ ಆಂಟೆನಾ ಕಬ್ಬಿಣದ ಹೊದಿಕೆಯೊಳಗೆ ಅಡಗಿದರೆ ಸಂಕೇತ ದುರ್ಬಲವಾಗುವುದರಿಂದ ಅದನ್ನು ಹೊರಗೆ, ಎಸೆಗೈಯ ದಾರಿಗೆ ದೂರವಾಗಿ ನಿಲ್ಲಿಸುವುದು ಒಳ್ಳೆಯದು.

ಮೈಕನ್ನು ಪ್ರತಿ ನಿಲುಗಟ್ಟೆಯ ಮುಂದೆ, ಶೂಟರ್‌ನ ಬಾಯಿಯತ್ತ ತಿರುಗಿಸಿ, ಬಂದೂಕಿನ ನಳಿಗೆಯ ದಾರಿಗೆ ಕೆಳಗಿರುವಂತೆ ಇಡಬೇಕು. ಗಾಳಿ ಬೀಸುವ ದಿನ ಸ್ಪಂಜಿನ ಟೋಪಿ ಅತ್ಯಗತ್ಯ. ಅದಿಲ್ಲದಿದ್ದರೆ ಗಾಳಿಯ ಸದ್ದಿಗೇ ಗುರಿತಟ್ಟೆ ಹಾರಿಬಿಡಬಹುದು.

ನನ್ನ ಅನುಭವದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಮೈಕಿನ ಸೂಕ್ಷ್ಮತೆಯ ಹೊಂದಾಣಿಕೆ. ಸೂಕ್ಷ್ಮತೆಯ ಗುಂಡಿಯನ್ನು ಅತಿ ಕೆಳಗಿನ ಮಟ್ಟದಿಂದ ಆರಂಭಿಸಿ, ಮೆಲುದನಿಯ ಶೂಟರ್‌ನ ಸಹಜ ಕೂಗಿಗೆ ತಟ್ಟೆ ತಕ್ಷಣ ಹೊರಡುವವರೆಗೆ ಸ್ವಲ್ಪಸ್ವಲ್ಪವೇ ಏರಿಸಿ, ಬಳಿಕ ಪಕ್ಕದ ಮಾತಿಗೂ ತೋಟಾದ ಸದ್ದಿಗೂ ಯಂತ್ರ ಸುಮ್ಮನಿರುತ್ತದೆಯೇ ಎಂದು ಪರೀಕ್ಷಿಸಬೇಕು. ಕೈಯಲ್ಲಿ ಒತ್ತುವ ಬಿಡುಗಡೆ ಗುಂಡಿಯೊಂದನ್ನು ಸ್ಕೋರರ್ ಬಳಿ ಸದಾ ಸಿದ್ಧವಾಗಿಟ್ಟಿರಬೇಕು.