ಜಿ ತಂತಿಗೆ ಗಾಳದ ದಾರ: ನನ್ನ ಅನುಭವ

ಕ್ಲಾಸಿಕಲ್ ಗಿಟಾರ್ ನುಡಿಸುವವರಿಗೆ ಮೂರನೇ ತಂತಿಯ, ಅಂದರೆ ಜಿ ತಂತಿಯ ಕಾಟ ಗೊತ್ತೇ ಇರುತ್ತದೆ, ಅಲ್ವಾ? ಒಂದು, ಎರಡನೇ ತಂತಿ ಚೆನ್ನಾಗಿ ಹಾಡುತ್ತವೆ, ಜಿ ಮಾತ್ರ ಮಂಕು. ಹನ್ನೆರಡನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಶ್ರುತಿಯೂ ಇರಬೇಕಾದ್ದಕ್ಕಿಂತ ಏರುತ್ತದೆ. ನನ್ನದು 650 ಮಿ.ಮೀ. ಸ್ಕೇಲಿನ (ತಂತಿ ಕಂಪಿಸುವ ಉದ್ದ), ಸೀಡರ್ ಮರದ ಮೇಲ್ಹಲಗೆಯ ಗಿಟಾರ್. ಅದರಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ತಂತಿಗಳ ಸೆಟ್ ಬದಲಿಸಿ ಬದಲಿಸಿ ಹತ್ತು ಸಾವಿರದ ಮೇಲೆ ಖರ್ಚಾಯಿತು. ಹೆಚ್ಚು ಬಿಗಿಯ ಹಾರ್ಡ್ ಟೆನ್ಶನ್ ಸೆಟ್ ಹಾಕಿದರೆ ಎಡಗೈ ಸೋಲುತ್ತಿತ್ತು, ಜಿ ಹಾಗೇ ಉಳಿಯಿತು. ಪೂರ್ತಿ ಕಾರ್ಬನ್ ಸೆಟ್‌ನಲ್ಲಿ ಜಿ ಅದ್ಭುತ, ಆದರೆ ಮೊದಲ ತಂತಿಯ ದನಿ ತೆಳ್ಳಗೆ, ಚುಚ್ಚುವ ಹಾಗೆ. ಹಾಗಾದರೆ ಜಿ ಒಂದನ್ನೇ ಕಾರ್ಬನ್ ಮಾಡಿದರಾಯಿತು!

ಕಾರ್ಬನ್ ತಂತಿ ಅಂದರೆ ಫ್ಲೋರೋಕಾರ್ಬನ್, ಗಾಳಕ್ಕೂ ಅದೇ ದಾರ. ಮಂಗಳೂರಿನ ಬಂದರಿನ ಕಡೆ ಒಂದು ಅಂಗಡಿಯಲ್ಲಿ ಸಿಕ್ಕಿತು. ನಮ್ಮ ಮೇಷ್ಟ್ರು, "ಮೀನು ಹಿಡಿಯೋ ದಾರದಲ್ಲಿ ಸಂಗೀತ ಬರುತ್ತೇನಪ್ಪಾ?" ಅಂದರು. 1940ರ ದಶಕದಲ್ಲಿ ಕರುಳಿನ ತಂತಿಗೆ ಬರ ಬಂದಾಗ ತಂತಿ ತಯಾರಕ ಆಲ್ಬರ್ಟ್ ಅಗಸ್ಟೀನ್ ಕೈಗೆತ್ತಿಕೊಂಡ, ಈಗ ಮಾಮೂಲಾಗಿರುವ ನೈಲಾನ್ ಕೂಡ ಗಿಟಾರಿಗೆಂದು ಹುಟ್ಟಿದ್ದಲ್ಲ. ಸ್ಪೇನಿನ ಮಹಾನ್ ಗಿಟಾರ್ ವಾದಕ ಸೆಗೋವಿಯಾ ಅದರಲ್ಲೇ ನುಡಿಸಲಿಲ್ಲವೇ?

ನೈಲಾನ್ ಜಿ ಸುಮಾರು 1.02 ಮಿ.ಮೀ. ದಪ್ಪ. ಕಾರ್ಬನ್ ಅದಕ್ಕಿಂತ ಒಂದೂವರೆ ಪಟ್ಟು ಭಾರದ ವಸ್ತು, ಅದೇ ಬಿಗಿತಕ್ಕೆ 0.82ರ ಆಸುಪಾಸು ಸಾಕು. ಮೊದಲು ತಂದ 0.74ರ ದಾರ ಸಡಿಲವಾಗಿ ಫ್ರೆಟ್‌ಗೆ ಬಡಿಯಿತು. 0.9ರದ್ದು ಸಿಕ್ಕಾಪಟ್ಟೆ ಬಿಗಿ, ತಂತಿ ಕಟ್ಟುವ ಬ್ರಿಡ್ಜ್‌ಗೆ ಏನಾಗುತ್ತದೋ ಅಂತ ಬಿಚ್ಚಿದೆ. ಕೊನೆಗೆ ದಪ್ಪ ಅಳೆಯುವ ಸ್ಕ್ರೂ ಗೇಜ್ ಹಿಡಿದುಕೊಂಡೇ ಅಂಗಡಿಗೆ ಹೋದೆ. 0.81ರ ಸುರುಳಿ ಸಿಕ್ಕಿತು, ಮೂವತ್ತು ಮೀಟರಿಗೆ ಸಾವಿರದೈನೂರರ ಹತ್ತಿರ. ತಂತಿಗೆ ಒಂದು ಮೀಟರ್ ಹಿಡಿದರೂ ಐವತ್ತು ರೂಪಾಯಿ ಆಯಿತು.

ದಾರ ನುಣುಪು. ಒಮ್ಮೆ ಬ್ರಿಡ್ಜ್‌ನಿಂದ ಜಾರಿ ಮೇಲ್ಹಲಗೆಗೆ ಗೀರು ಬಿತ್ತು. ಈಗ ಒಂದು ಸುತ್ತು ಹೆಚ್ಚಿಗೆ ಹಾಕಿ, ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ಗುಂಡಗೆ ಮಾಡುತ್ತೇನೆ. ಸುರುಳಿಯ ಯಾವ ಭಾಗ ಕತ್ತರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಪರೀಕ್ಷೆ ಇದೆ. ಅದು ನನ್ನ ಹತ್ತಿರವೇ ಇರಲಿ.

ಎರಡನೇ ತಂತಿಗೂ ಗಾಳದ ದಾರ ಹಾಕಿ ನೋಡಿದೆ, ಹಿಡಿಸಲಿಲ್ಲ. ಕೆಳಸ್ವರದ ಮೂರು ಬೇಸ್ ತಂತಿಗಳದ್ದು ಬೇರೆಯೇ ಕಥೆ. ಅವಕ್ಕೆ ಸುತ್ತಿದ ಬೆಳ್ಳಿ ಲೇಪದ ತಾಮ್ರ ಕರಾವಳಿಯ ಬೆವರಿಗೆ ಬೇಗ ಕಪ್ಪಾಗುತ್ತದೆ. ನಾಲ್ಕನೇ ತಂತಿ ಡಿ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಹಾಗಾಗಿ ಬೇಸ್ ಎರಡು ಸಲ ಬದಲಿಸಿದರೆ ಮೇಲಿನ ಮೂರನ್ನು ಒಂದೇ ಸಲ.

ಈಗ ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ತೋರಿಸುವ ಟ್ಯೂನರ್‌ನ ಮುಳ್ಳು ಹೆಚ್ಚುಕಡಿಮೆ ನಡುವೆಯೇ ನಿಲ್ಲುತ್ತದೆ. ಮೇಷ್ಟ್ರು ಹೋದ ತಿಂಗಳು ತಮಗೂ ಎರಡು ಮೀಟರ್ ಕತ್ತರಿಸಿ ಕೊಡು ಅಂದರು.